ಸೋಮವಾರದ ಮೀನು

"ಸೋಮವಾರ ಮೀನು ಯಾರು ತಿಂತಾರವ್ವ ಈ ಊರಲ್ಲಿ? ನಾನೇ ತಿನ್ನಲ್ಲ, ಇನ್ನು ಗಿರಾಕಿ ತಿಂತಾರಾ?" ಅಂದಳು ದುರುಗಮ್ಮ, ಕೈಯಲ್ಲಿದ್ದ ಕಾಟ್ಲಾ ಮೀನಿನ ಹೊಟ್ಟೆ ಸೀಳುತ್ತಲೇ. "ಅವತ್ತು ತರೋದೇ ಅರ್ಧ ಬುಟ್ಟಿ. ಅದರಲ್ಲಿ ಅರ್ಧ ಬೆಕ್ಕಿನ ಪಾಲು. ಮುಚ್ಚು ಅಂದ್ರೆ ಮುಚ್ತೀನಿ. ಮಂಡಿಗೆ ಎಣ್ಣೆ ತಿಕ್ಕಿಸ್ಕೊಂಡು ಒಂದಿನ ಮಲಗ್ತೀನಿ."

ಅವಳೆದುರು ಕುಕ್ಕುರುಗಾಲಲ್ಲಿ ಕೂತಿದ್ದವಳು ಟೈಲರ್ ಇಂದ್ರಾಣಿ, ನಮ್ಮ ಮಾರ್ಕೆಟ್ ವಾರ್ಡಿನಿಂದ ಪುರಸಭೆಗೆ ಆರಿಸಿ ಹೋದವಳು. "ಹಂಗಲ್ಲ ದುರುಗಕ್ಕ, ಸರಿಯಾಗಿ ಯೋಚನೆ ಮಾಡಿ ಹೇಳು. ನೀನು ಹೂಂ ಅಂದ್ರೆ ನಾನು ಮಠದವರಿಗೆ ಮಾತು ಕೊಡಬೇಕು. ಆಮೇಲೆ ನೀನು ಉಲ್ಟಾ ಹೊಡೆದ್ರೆ ನನ್ನ ಮಾನ ಹೋಗ್ತದೆ." "ಮಾನ ಹರಿದ್ರೆ ಹೊಲ್ಕೊಳ್ಳೇ, ಮಿಷನ್ನು ನಿನ್ನ ಹತ್ರಾನೇ ಐತಲ್ಲ," ಅಂದಳು ದುರುಗಮ್ಮ. ಪಕ್ಕದ ಕಟ್ಟೆಯಲ್ಲಿ ಎಲೆ ಜೋಡಿಸುತ್ತಿದ್ದ ನಾನು ನಕ್ಕೆ. ನಕ್ಕವಳು ಹಾಗೇ ಕೈ ನಿಲ್ಲಿಸಿದೆ. ಇಂದ್ರಾಣಿಯ ಮಾತಿನಲ್ಲಿ ಎರಡು ವರ್ಷದಿಂದ ಕೇಳದೇ ಇದ್ದದ್ದೊಂದು ಕೇಳಿಸಿತ್ತು. ಅದು ಅವಳದೇ ದನಿ. ತುಟಿಯ ಒಂದು ಮೂಲೆಯಲ್ಲಿ ಗುಂಡುಪಿನ್ನು ಕಚ್ಚಿಕೊಂಡು ಇನ್ನೊಂದು ಮೂಲೆಯಿಂದ ಆಡಿದ ಹಾಗಿರುವ ಆ ಓರೆ ಮಾತು.

ಹೊರಗಿನಿಂದ ಬಂದವರಿಗೆ ನಮ್ಮೂರಿನ ದನಿಯ ವಿಷಯ ಒಗ್ಗುವುದಕ್ಕೆ ಸ್ವಲ್ಪ ದಿನ ಬೇಕು. ಇಲ್ಲಿ ಇಬ್ಬರ ಅಭಿಪ್ರಾಯ ಎಲ್ಲದರಲ್ಲೂ ಪೂರಾ ಒಂದಾಯಿತು ಅಂದರೆ ಅವರ ದನಿಯೂ ಒಂದೇ ಆಗುತ್ತದೆ. ಹೊಸದಾಗಿ ಮದುವೆಯಾದವರಿಗೆ ಹದಿನೈದು ದಿನ, ಹೆಚ್ಚೆಂದರೆ ಒಂದು ತಿಂಗಳು ಹೀಗಾಗುವುದುಂಟು. ಕೋಣೆಯೊಳಗೆ ಮಾತಾಡುತ್ತಿರುವುದು ಮಗನೋ ಸೊಸೆಯೋ ತಿಳಿಯದೆ ಅತ್ತೆ ಬಾಗಿಲಾಚೆ ನಿಂತು ಕೆಮ್ಮುತ್ತಾಳೆ. ಆಮೇಲೊಂದು ದಿನ ಸಾರಿಗೆ ಉಪ್ಪು ಹೆಚ್ಚಾಯಿತೋ, ತವರಿಗೆ ಹೋಗುವ ಮಾತು ಬಂತೋ, ದನಿಗಳು ಬೇರೆಯಾಗುತ್ತವೆ. "ಸದ್ಯ, ಸಂಸಾರ ಶುರುವಾಯ್ತು" ಎಂದು ಅತ್ತೆ ನೆಮ್ಮದಿಯಿಂದ ಒಲೆ ಮುಂದೆ ಹೋಗಿ ಕೂರುತ್ತಾಳೆ. ಫೋನಿನಲ್ಲಿ ಮೊದಲು ಹೆಸರು ಹೇಳಿ ಆಮೇಲೆ ಮಾತಾಡುವುದು ನಮ್ಮಲ್ಲಿ ಮರ್ಯಾದೆ. ಅವಳಿ ಮಕ್ಕಳ ತಾಯಂದಿರು ಬೇಕೆಂದೇ ಒಂದಕ್ಕೆ ದೋಸೆ ಇನ್ನೊಂದಕ್ಕೆ ಉಪ್ಪಿಟ್ಟು ಕೊಟ್ಟು ಜಗಳ ಹಚ್ಚುತ್ತಾರೆ. ಇದೆಲ್ಲ ನಮಗೆ ಬಿಸಿಲು ಗಾಳಿ ಇದ್ದ ಹಾಗೆ, ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ.

ನನ್ನ ಹೆಸರು ತುಂಗಮ್ಮ. ಊರಿಗೆಲ್ಲ ಎಲೆ ತುಂಗಕ್ಕ. ಮೂವತ್ತೊಂದು ವರ್ಷ ಹಳೇ ಮಾರ್ಕೆಟ್ಟಿನ ಕಲ್ಲುಕಟ್ಟೆಯ ಮೇಲೆ ಕೂತು ವೀಳ್ಯದೆಲೆ ಮಾರಿದ್ದೇನೆ. ಶಾಲೆಗೆ ಹೋದವಳಲ್ಲ, ಎಲೆ ಸುತ್ತುವ ಹಳೇ ಪೇಪರಿನಲ್ಲೇ ಅಕ್ಷರ ಕಲಿತೆ, ಹಾಗಾಗಿ ನನ್ನ ವಿದ್ಯೆಯೆಲ್ಲ ಅರ್ಧಕ್ಕೆ ಹರಿದ ಸುದ್ದಿ. ಆದರೆ ಕಿವಿ ಮಾತ್ರ ಪೂರಾ ಇದೆ. ಎಲೆ ಎಣಿಸುವವಳಿಗೆ ತಲೆ ಎತ್ತಲು ಪುರುಸೊತ್ತಿಲ್ಲ. ಗಿರಾಕಿಯ ಮುಖಕ್ಕಿಂತ ಮೊದಲು ದನಿ ಬರುತ್ತದೆ. "ಒಂದು ಕಟ್ಟು ಕೊಡು" ಅಂದರೆ ಸಾಕು, ಇವನು ಯಾರು, ಬೆಳಿಗ್ಗೆ ಹೆಂಡತಿ ಹತ್ತಿರ ಬೈಸಿಕೊಂಡು ಬಂದನೋ ಇಲ್ಲವೋ, ಅದನ್ನೂ ಹೇಳಿಬಿಡುತ್ತೇನೆ. ಜಂಬ ಅಂದುಕೊಂಡರೂ ಪರವಾಗಿಲ್ಲ. ನನಗೆ ಜನರ ದನಿ ಅಂದರೆ ಪ್ರೀತಿ. ಬೇರೆಯವರು ಹೂವು ನೋಡಿ ಹಿಗ್ಗುತ್ತಾರಲ್ಲ, ಹಾಗೆ.

ಈ ಕಿವಿಯನ್ನು ಹುಡುಕಿಕೊಂಡು ಬಂದವರು ಪಾಂಡುರಂಗ ಮೇಷ್ಟ್ರು. ಹೈಸ್ಕೂಲಿನಲ್ಲಿ ರೇಖಾಗಣಿತ ಕಲಿಸಿ ರಿಟೈರಾದವರು, ನೇರಗೆರೆ ಪಕ್ಷ ಕಟ್ಟಿದವರು. ಒಳ್ಳೆಯ ಮನುಷ್ಯ, ಅದನ್ನು ಈಗಲೂ ಅಲ್ಲ ಅನ್ನುವುದಿಲ್ಲ. ಮಾರ್ಕೆಟ್ಟಿಗೆ ತಗಡಿನ ಸೂರು ಹಾಕಿಸಿದ್ದು ಅವರೇ. ಪುರಸಭೆ ಬಾಗಿಲಲ್ಲಿ ಹನ್ನೊಂದು ದಿನ ಉಪವಾಸ ಕೂತು ನಮಗೆಲ್ಲ ಕಟ್ಟೆಯ ಚೀಟಿ ಕೊಡಿಸಿದ್ದೂ ಅವರೇ. ಆಮೇಲೆ ಚುನಾವಣೆಗೆ ನಿಂತರು. ಹದಿನೈದರಲ್ಲಿ ಒಂಬತ್ತು ಸೀಟು ಗೆದ್ದರು. ನಾವು ಹೆಂಗಸರೇ ಮನೆಮನೆಗೆ ಹೋಗಿ ಓಟು ಕೇಳಿದ್ದೆವು. ಗೆದ್ದ ಮೇಲೆ ಮೇಷ್ಟ್ರಿಗೆ ಒಂದು ಭಯ ಹತ್ತಿತು. ನಮ್ಮವರಲ್ಲಿ ಯಾರು ಒಳಗೊಳಗೇ ಬೇರೆ ಯೋಚಿಸುತ್ತಿದ್ದಾರೋ ಏನೋ! ನಮ್ಮೂರಲ್ಲಿ ಅದನ್ನು ಕಂಡುಹಿಡಿಯುವುದೇನು ಕಷ್ಟ? ಪಕ್ಷದ ಆಫೀಸಿನಲ್ಲಿ ಹಸಿರು ಪರದೆ ಕಟ್ಟಿಸಿದರು. ತಿಂಗಳ ಕೊನೆಯ ಭಾನುವಾರ ಬೆಳಿಗ್ಗೆ ಒಬ್ಬೊಬ್ಬರೂ ಪರದೆಯ ಹಿಂದೆ ಹೋಗಿ "ಗೆರೆ ನೇರವಾಗಿದ್ದರೆ ದಾರಿ ಹತ್ತಿರ" ಎನ್ನಬೇಕು. ಈಚೆ ಕಡೆ ಕುರ್ಚಿ ಹಾಕಿ ನನ್ನನ್ನು ಕೂರಿಸಿದರು. ಇಂಥವರು ಎಂದು ನನಗೆ ಗುರುತು ಸಿಗದಿದ್ದರೆ, ಅಂದರೆ ದನಿ ಎಲ್ಲರದರ ಹಾಗೇ ಇದ್ದರೆ, ಅವರು ಪಾಸು. ನಾನು ಹೆಸರು ಹೇಳಿದೆನೋ, ಅವರು ಗೆರೆ ತಪ್ಪಿದ್ದಾರೆ. ರಾಜೀನಾಮೆ ಬರೆದು ಮನೆಗೆ ಹೋಗಬೇಕು.

ನಾನು ಹೇಳಿದೆ. ಮೂರು ವರ್ಷ ಹೇಳಿದೆ. ಸೂರು ಹಾಕಿಸಿದವರ ಋಣ ಅಂತಲೂ ಇತ್ತು, ಇಷ್ಟು ಓದಿದವರ ನಡುವೆ ನನಗೊಂದು ಕುರ್ಚಿ ಅಂತಲೂ ಇತ್ತು. ಸೈಕಲ್ ಶಾಪಿನ ಯಲ್ಲೋಜಿ ಹೋದ. ಎದುರು ಪಕ್ಷದವರು ಹಾಕಿಸಿದ ರಸ್ತೆ ಚೆನ್ನಾಗಿದೆ ಅಂತ ಅವನಿಗೆ ಅನ್ನಿಸಿತ್ತಂತೆ, ಅಷ್ಟೇ. ನರ್ಸಮ್ಮ ರೆಬೆಕ್ಕಾ ಹೋದಳು. ಹೀಗೆ ಹೋದವರಲ್ಲಿ ಮೂವರು ಕೌನ್ಸಿಲರುಗಳೇ ಇದ್ದರು. ಅವರು ಬಿಟ್ಟ ಸೀಟುಗಳಿಗೆ ಮತ್ತೆ ಚುನಾವಣೆಯಾಗಿ, ಮೂರನ್ನೂ ಎದುರಿನ ಏಳಿಗೆ ಪಕ್ಷ ಗೆದ್ದಿತು. ಉಳಿದವರ ದನಿ ಮಾತ್ರ ಒಂದೇ ಆಗಿತ್ತು. ಸಪಾಟು, ಒಣ, ಒಂದು ಸುಕ್ಕಿಲ್ಲ. ಅದು ಮೇಷ್ಟ್ರ ದನಿ ಎಂದು ಜನ ಹೇಳುತ್ತಿದ್ದರು. ಮೇಷ್ಟ್ರ ಹಳೇ ದನಿ ಕೇಳಿದವಳು ನಾನು, ಅದೂ ಅಲ್ಲ. ಅದು ಯಾರದೂ ಅಲ್ಲದ ದನಿ. ಇಂದ್ರಾಣಿಯ ಮಗಳು ಒಂದು ಸಲ ನನ್ನ ಹತ್ತಿರ ಬಂದು, "ದೊಡ್ಡಮ್ಮಾ, ಅಮ್ಮ ಜೋಗುಳ ಹಾಡಿದ್ರೆ ತಮ್ಮ ಅಳ್ತಾನೆ" ಅಂದಿದ್ದಳು. ಆಗಲೂ ನನಗೆ ಬುದ್ಧಿ ಬರಲಿಲ್ಲ.

ಈಗ ಬಂದಿದ್ದ ಗಂಡಾಂತರ ಇದು. ಹಳೇ ಮಾರ್ಕೆಟ್ಟು ಕೆಡವಿ ನಾಲ್ಕು ಅಂತಸ್ತಿನ ಕಾಂಪ್ಲೆಕ್ಸ್ ಕಟ್ಟಬೇಕು ಎಂದು ಏಳಿಗೆ ಪಕ್ಷದವರು ಪುರಸಭೆಗೆ ಪ್ರಸ್ತಾವ ತಂದಿದ್ದರು. ಮುಂದಿನ ವಾರದ ಗುರುವಾರ ಮತ. ಅವರು ಏಳು ಜನ, ನೇರಗೆರೆಯವರು ಆರು, ಮಠದ ಬಣದವರು ಇಬ್ಬರು. ಮಠದ ಇಬ್ಬರು ನಮ್ಮ ಕಡೆ ಬಂದರೆ ಎಂಟಾಗುತ್ತದೆ, ಮಾರ್ಕೆಟ್ಟು ಉಳಿಯುತ್ತದೆ, ನೂರಾ ನಲವತ್ತು ಹೆಂಗಸರು ಕೂತ ಜಾಗದಲ್ಲೇ ಕೂರುತ್ತೇವೆ. ಮಠದವರು ಒಂದೇ ಷರತ್ತು ಹಾಕಿದ್ದರು: ಸೋಮವಾರ ಮಾರ್ಕೆಟ್ಟಿನಲ್ಲಿ ಮೀನು ಮಾರಬಾರದು. ಇಂದ್ರಾಣಿ ಪಕ್ಷವನ್ನು ಕೇಳದೆ, ಮೀನಿನವರನ್ನು ಕೇಳಲು ನೇರ ಕಟ್ಟೆಗೆ ಬಂದಿದ್ದಳು. ಅವಳ ದನಿ ಗೆರೆ ದಾಟಿದ್ದು ಅಲ್ಲಿ.

ಮಾರನೆಯ ದಿನ ಮಠದ ಬಣದ ಗುರುಶಾಂತಪ್ಪನೇ ಮಾರ್ಕೆಟ್ಟಿಗೆ ಬಂದ. ಬೆಲ್ಲದ ಮಂಡಿ ಇಟ್ಟಿರುವ ದೊಡ್ಡ ಕುಳ, ಮಾತೂ ಬೆಲ್ಲದ ಹಾಗೆ ಮೆಲ್ಲಗೆ ಜಾರಿ ಬರುತ್ತದೆ. ಮೂಗಿಗೆ ಟವೆಲು ಹಿಡಿದುಕೊಂಡು ಮೀನಿನ ಕಟ್ಟೆಯ ಮುಂದೆ ನಿಂತ. "ಬರ್ರಿ ಸಾವ್ಕಾರ್ರೇ, ಎಷ್ಟು ಕೇಜಿ ಕಟ್ಲಿ?" ಅಂದಳು ದುರುಗಮ್ಮ. "ಶಿವ ಶಿವಾ, ತಮಾಷೆ ಸಾಕು. ಸೋಮವಾರದ ವಿಷಯ ಒಪ್ಪಿಗೆ ಐತೋ ಇಲ್ಲೋ, ನಿನ್ನ ಬಾಯಿಂದ ಕೇಳಾಕ ಬಂದೀನಿ." "ಒಪ್ಪಿಗೆ ಐತಿ. ಆದ್ರೆ ನಂದೂ ಒಂದು ಐತಿ. ಮೀನು ತೊಳಿಯಾಕೆ ನಮಗೊಂದು ನಲ್ಲಿ ಬೇಕು. ಕೆರೆಯಿಂದ ಕೊಡ ಹೊತ್ತು ಸೊಂಟ ಬಿದ್ದೋಗೈತಿ. ಅದಕ್ಕೆ ನೀವಿಬ್ರೂ ಕೈ ಎತ್ತಬೇಕು." ಗುರುಶಾಂತಪ್ಪ ಟವೆಲಿನ ಒಳಗೇ ಯೋಚಿಸಿದ. "ಮೀನಿನ ನಲ್ಲಿಗೆ ಮಠದವರು ಕೈ ಎತ್ತೋದು ಅಂದ್ರ..." "ಯಾಕೆ, ನೀರು ಕೊಟ್ರೆ ಪುಣ್ಯ ಅಂತ ನಿಮ್ಮ ಅಯ್ಯನೋರೇ ಹೇಳ್ತಾರಲ್ಲ. ಮೀನಿನ ಮೇಲೆ ಬಿದ್ರೆ ಪುಣ್ಯ ಕಮ್ಮಿ ಆಗ್ತೈತಾ?" ಸುತ್ತ ನಿಂತವರು ನಕ್ಕರು. ದುರುಗಮ್ಮ ಬಿಡಲಿಲ್ಲ. "ಮತ್ತೆ ನಿಮ್ಮ ಡ್ರೈವರ್ರು ಪ್ರತಿ ಬುಧವಾರ ಎರಡು ಕೇಜಿ ಜಿಲೇಬಿ ಮೀನು ಒಯ್ತಾನೆ, ಯಾರಿಗೆ ಅಂತ ಕೇಳಿದ್ರೆ ನಾಯಿಗೆ ಅಂತಾನೆ. ಎಂಥಾ ನಾಯಿ ಸಾವ್ಕಾರ್ರೇ ಅದು, ಹುಣಸೆಹಣ್ಣು ಕೊತ್ತಂಬರಿ ಎಲ್ಲಿ ಸಿಗ್ತೈತಿ ಅಂತಾನೂ ಕೇಳ್ತೈತಿ?" ಗುರುಶಾಂತಪ್ಪನ ಕಿವಿ ಕೆಂಪಾಯಿತು. "ಆಯ್ತು ಮಾರಾಯ್ತಿ, ನಲ್ಲಿಗೆ ಕೈ ಎತ್ತೇನಿ, ಬಾಯಿ ಮುಚ್ಚು," ಅಂದ. ಹೋಗುವಾಗ ನನ್ನ ಹತ್ತಿರ ಒಂದು ಕಟ್ಟು ಎಲೆ ಕೊಂಡ. ಅವನ ದನಿ ಅವನದೇ ಇತ್ತು, ದುರುಗಮ್ಮನದು ಅವಳದೇ ಇತ್ತು, ಕೆಲಸ ಮಾತ್ರ ಆಗಿತ್ತು. ನನಗೆ ಅವತ್ತು ಊಟ ರುಚಿಸಿತು.

ನಾಲ್ಕು ದಿನ ಕಳೆದು ಭಾನುವಾರ ಬಂತು. ಪಕ್ಷದ ಆಫೀಸಿನ ಬಾಗಿಲ ಮೆಟ್ಟಿಲ ಮೇಲೆ ದುರುಗಮ್ಮನೂ ಬಂದು ಕೂತಳು. ತನ್ನ ವಿಷಯ ತೀರ್ಮಾನವಾಗುವಾಗ ತಾನಿರಬೇಕು ಅಂತ. ಒಳಗೆ ಬಿಡಲಿಲ್ಲ, ಸದಸ್ಯಳಲ್ಲ ಅಂದರು. ನಾನು ಕುರ್ಚಿಯಲ್ಲಿ ಕೂತೆ. ಒಬ್ಬೊಬ್ಬರೇ ಪರದೆಯ ಹಿಂದೆ ಹೋಗಿ ಗೆರೆಯ ಮಾತು ಹೇಳಿ ಬಂದರು. ಎಲ್ಲ ಒಂದೇ ದನಿ. "ಗೊತ್ತಾಗಲಿಲ್ಲ" ಅಂದೆ, ಚಪ್ಪಾಳೆ. "ಗೊತ್ತಾಗಲಿಲ್ಲ" ಅಂದೆ, ಚಪ್ಪಾಳೆ. ಆಮೇಲೆ ಒಂದು ದನಿ ಬಂತು. ಪಿನ್ನು ಕಚ್ಚಿಕೊಂಡ ಓರೆ ದನಿ. ಅಷ್ಟು ಹೊತ್ತು ಬರೀ ಅನ್ನ ಉಂಡವರ ಎಲೆಗೆ ಉಪ್ಪಿನಕಾಯಿ ಬಿದ್ದ ಹಾಗಾಯಿತು. ಖುಷಿಯಿಂದ ನನ್ನ ಕಣ್ಣು ತುಂಬಿತು. "ಯಾರು, ತುಂಗಕ್ಕ?" ಅಂದರು ಮೇಷ್ಟ್ರು. "ಗೊತ್ತಾಗಲಿಲ್ಲ ಮೇಷ್ಟ್ರೇ." ಯಾರೂ ಚಪ್ಪಾಳೆ ತಟ್ಟಲಿಲ್ಲ. ಕೆಪ್ಪನಿಗೂ ಗೊತ್ತಾಗುವ ಹಾಗಿತ್ತು. "ಇನ್ನೊಂದು ಸಲ ಕೇಳಿ," ಅಂದರು ಮೇಷ್ಟ್ರು. "ಬೇಡ ಬಿಡಿ ಮೇಷ್ಟ್ರೇ," ಅಂತ ಪರದೆಯ ಹಿಂದಿನಿಂದಲೇ ಉತ್ತರ ಬಂತು. "ತುಂಗಕ್ಕಂಗೆ ಸುಳ್ಳು ಹೇಳಿ ಅಭ್ಯಾಸ ಇಲ್ಲ, ಪಾಪ, ರಕ್ತದೊತ್ತಡ ಬೇರೆ. ನಾನು ಇಂದ್ರಾಣಿ." ಪರದೆ ಸರಿಸಿ ಆಚೆ ಬಂದು ನಿಂತಳು.

"ಮಠದವರ ಮನೆಗೆ ಹೋಗಿದ್ದಿರಂತೆ," ಅಂದರು ಮೇಷ್ಟ್ರು. "ಹೋಗಿದ್ದೆ. ಕಾಫಿ ಕೊಟ್ಟರು, ಕುಡಿದೆ." "ಅವರ ಷರತ್ತಿಗೆ ಒಪ್ಪಿದಿರಾ?" "ಮೀನು ಮಾರೋರು ಒಪ್ಪಿದ್ರು, ನಾನು ಹೇಳಿ ಬಂದೆ." ಮೇಷ್ಟ್ರು ಕೂಗಾಡುವವರಲ್ಲ. ಹುಡುಗರಿಗೆ ಪ್ರಮೇಯ ಬಿಡಿಸಿ ಹೇಳುವ ಹಾಗೆ ಒಂದೊಂದೇ ಮಾತು ಇಟ್ಟರು. "ಇವತ್ತು ಸೋಮವಾರ ಕೇಳ್ತಾರೆ. ನಾಳೆ ಶ್ರಾವಣ ಪೂರ್ತಿ ಕೇಳ್ತಾರೆ, ನಾಡಿದ್ದು ಕಾರ್ತೀಕ. ಒಬ್ಬರ ತಟ್ಟೆ ಮೇಲೆ ಇನ್ನೊಬ್ಬರ ಅಧಿಕಾರ ಅಂತ ಒಂದು ದಿನ ಒಪ್ಪಿಕೊಂಡರೂ ನಾವು ಮುಗಿದ್ವಿ. ಗೆರೆ ಒಂದು ಕೂದಲೆಳೆ ಬಾಗಿದ್ರೂ ಅದು ನೇರಗೆರೆ ಅಲ್ಲ." ಈ ಮಾತು ಸುಳ್ಳಲ್ಲ. ನನ್ನ ಸಿಟ್ಟಿಗೆ ಕಾರಣವೇ ಅದು. ಸುಳ್ಳಾಗಿದ್ದರೆ ನಕ್ಕು ಎದ್ದು ಬರುತ್ತಿದ್ದೆ. ಇಂದ್ರಾಣಿ ಅಂದಳು: "ಶ್ರಾವಣ ಕೇಳಿದ ದಿನ ಜಗಳ ಆಡೋಣ ಮೇಷ್ಟ್ರೇ, ನಾನೇ ಮುಂದೆ ನಿಲ್ತೀನಿ. ಆದ್ರೆ ಜಗಳ ಆಡೋದಕ್ಕೆ ಮಾರ್ಕೆಟ್ಟು ಇರಬೇಕಲ್ಲ? ಕಟ್ಟೆನೇ ಇಲ್ಲದ ಮೇಲೆ ಯಾವ ವಾರ ಮುಚ್ಚಿದ್ರೇನು, ಯಾವ ವಾರ ತೆಗೆದ್ರೇನು?"

ಆಗ ನಾನು ಬಾಯಿ ಹಾಕಿದೆ. ಕೇಳುವುದಕ್ಕೆ ಕೂರಿಸಿದವಳು ಮಾತಾಡಬಾರದು ಎಂದು ಇತ್ತು, ಇರಲಿ. "ಮೇಷ್ಟ್ರೇ, ದುರುಗಮ್ಮ ಹೊರಗೆ ಮೆಟ್ಟಿಲ ಮೇಲೇ ಕೂತವಳೆ. ಕರೆದು ಒಂದು ಮಾತು ಕೇಳಿ." "ಕೇಳೋದರಲ್ಲಿ ಅರ್ಥ ಇಲ್ಲ ತುಂಗಕ್ಕ," ಅಂದರು. "ಬಡವರು ಕಷ್ಟದಲ್ಲಿ ಏನು ಹೇಳಿದ್ರೂ ಒಪ್ಪಿಕೊಳ್ತಾರೆ. ಅವರ ಪರವಾಗಿ ಒಪ್ಪದೇ ಇರೋದು ನಮ್ಮ ಕೆಲಸ." ಮೆಟ್ಟಿಲ ಕಡೆಯಿಂದ ಕೂಗು ಬಂತು: "ಹಂಗಾದ್ರೆ ನನ್ನ ಪರವಾಗಿ ನಾಳೆ ಮೀನೂ ನೀವೇ ಹೆಚ್ಚಿಬಿಡಿ ಮೇಷ್ಟ್ರೇ! ಕತ್ತಿ ಕಳಿಸ್ತೀನಿ!" ಒಬ್ಬರೂ ನಗಲಿಲ್ಲ. ಇಷ್ಟು ಜನರಲ್ಲಿ ಒಬ್ಬರಿಗೂ ನಗು ಬರದಿದ್ದಾಗ ನನಗೆ ನಿಜವಾಗಿ ದಿಗಿಲಾಯಿತು. ಎದ್ದು ನಿಂತೆ. "ಯಲ್ಲೋಜಿನ ಕಳಿಸಿದೆ, ರೆಬೆಕ್ಕಮ್ಮನ್ನ ಕಳಿಸಿದೆ. ಒಂಬತ್ತಿದ್ದದ್ದು ಆರಾಗಿದ್ದು ನನ್ನ ಕಿವಿಯಿಂದ. ಅವರಿದ್ದಿದ್ರೆ ಇವತ್ತು ಮಠದವರ ಮನೆ ಕಾಫಿನೇ ಬೇಕಿರಲಿಲ್ಲ ನಿಮಗೆ. ಇನ್ನು ಈ ಕಿವಿ ನಿಮಗಿಲ್ಲ," ಅಂದೆ. ಮೇಷ್ಟ್ರು ನನ್ನನ್ನು ಮರುಕದಿಂದ ನೋಡಿದರು. ಬೈದಿದ್ದರೆ ಚೆನ್ನಾಗಿತ್ತು. ಇಂದ್ರಾಣಿಯ ಮುಂದೆ ರಾಜೀನಾಮೆಯ ಹಾಳೆ ಇಟ್ಟರು. ಅವಳು ಹಾಳೆಯನ್ನು ನಾಲ್ಕಾಗಿ ಮಡಿಸಿ ಅವರ ಮುಂದಕ್ಕೇ ಸರಿಸಿದಳು. "ಪಕ್ಷದಿಂದ ತೆಗೆಯೋದಾದ್ರೆ ತೆಗೀರಿ. ಸೀಟು ಕೊಟ್ಟಿದ್ದು ಪರದೆ ಅಲ್ಲ, ವಾರ್ಡು. ಗುರುವಾರ ನಾನು ಕೈ ಎತ್ತೇ ಎತ್ತೀನಿ."

ಮೂರು ದಿನ ನಾವು ಹೆಂಗಸರು ಸುಮ್ಮನೆ ಕೂರಲಿಲ್ಲ. ನೇರಗೆರೆಯ ಉಳಿದ ಐದೂ ಕೌನ್ಸಿಲರುಗಳ ಮನೆಗೆ ಹೋದೆವು. ಟೊಮೇಟೊ ಮಾರುವವರು, ಬಳೆಯವರು, ಮಡಕೆಯವರು, ಎಲ್ಲರೂ. ಐದು ಮನೆಯಲ್ಲೂ ಒಂದೇ ದನಿಯಲ್ಲಿ ಒಂದೇ ಉತ್ತರ: "ಮಾರ್ಕೆಟ್ ಉಳಿಯಬೇಕು. ಆದರೆ ಈ ದಾರಿಯಲ್ಲಿ ಅಲ್ಲ." "ಬೇರೆ ದಾರಿ ಯಾವುದಪ್ಪಾ?" ಅಂದರೆ, "ನೇರವಾದದ್ದು." ಕೌನ್ಸಿಲರ್ ರುದ್ರೇಶನ ತಾಯಿ ಮಾತ್ರ ನಮ್ಮ ಹಿಂದೆ ಬೀದಿಯವರೆಗೂ ಬಂದು, "ನನ್ನ ಹತ್ರಾನೂ ಹಂಗೇ ಮಾತಾಡ್ತಾನೆ ಕಣ್ರವ್ವಾ. ತಿಂಡಿ ಬೇಕಾ ಅಂದ್ರೂ ಅದೇ ದನಿ," ಎಂದು ಸೆರಗಿನಲ್ಲಿ ಕಣ್ಣೊರೆಸಿಕೊಂಡಳು.

ಗುರುವಾರ ಹನ್ನೊಂದು ಗಂಟೆಗೆ ಸಭೆ. ಹಿಂದಿನ ಬೆಂಚುಗಳಲ್ಲಿ ನಾವು, ಇನ್ನೊಂದು ಮೂಲೆಯಲ್ಲಿ ಪಾಂಡುರಂಗ ಮೇಷ್ಟ್ರು. ಮಾರ್ಕೆಟ್ಟು ಕೆಡವಬಾರದು, ಮೀನಿಗೆ ನಲ್ಲಿ ಕೊಡಬೇಕು, ಸೋಮವಾರ ಮೀನಿನ ಕಟ್ಟೆಗೆ ರಜೆ ಎಂದು ಇಂದ್ರಾಣಿ ಎದ್ದು ಓದಿದಳು. ಅವಳ ದನಿ ಆ ದೊಡ್ಡ ಕೋಣೆಯಲ್ಲಿ ಸೊಟ್ಟಸೊಟ್ಟಗೆ ನಡೆದು ಹೋಗಿ ಎಲ್ಲರ ಕಿವಿ ಮುಟ್ಟಿತು. ಪರವಾಗಿರುವವರು ಕೈ ಎತ್ತಿ ಅಂದರು. ಇಂದ್ರಾಣಿ ಎತ್ತಿದಳು. ಮಠದ ಇಬ್ಬರು ಎತ್ತಿದರು. ಗುರುಶಾಂತಪ್ಪ ಕಣ್ಣು ಮುಚ್ಚಿಕೊಂಡು ಎತ್ತಿದ, ಆದರೆ ಎತ್ತಿದ. ಮೂರು. ನೇರಗೆರೆಯ ಐದು ಜನ ಕೈಗಳನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದರು. ರುದ್ರೇಶನ ಬಲಗೈ ಮೇಜಿನ ಮೇಲಕ್ಕೆ ಬಂತು. ನಾವು ಬೆಂಚಿನಿಂದ ಅರ್ಧ ಎದ್ದೆವು. ಅವನು ಮೂಲೆಯಲ್ಲಿದ್ದ ಮೇಷ್ಟ್ರ ಕಡೆ ಒಮ್ಮೆ ನೋಡಿ, ಆ ಕೈಯಿಂದ ಕಿವಿ ಕೆರೆದುಕೊಂಡು ಮತ್ತೆ ಕೆಳಗಿಟ್ಟ. ವಿರೋಧವಾಗಿ ಏಳು. ಮೂರಕ್ಕೆ ಏಳು. ಎಂಟು ಆಗಬಹುದಾಗಿದ್ದ ಮೂರು. ಐವರು ಕಿವಿ ಕೆರೆದುಕೊಳ್ಳುವಷ್ಟು ಎತ್ತರಕ್ಕೆ ಕೈ ಎತ್ತಿದ್ದರೂ ಸಾಕಿತ್ತು.

ಸಾಯಂಕಾಲ ನೇರಗೆರೆಯವರು ಊರೆಲ್ಲ ಕರಪತ್ರ ಹಂಚಿದರು. "ನಾವು ಸೋತಿದ್ದೇವೆ, ಆದರೆ ನಮ್ಮ ಕೈ ಶುದ್ಧವಾಗಿದೆ" ಎಂದು ಮೇಲೆ ದಪ್ಪ ಅಕ್ಷರ. ಓದಿ ನನ್ನ ಮೈ ಉರಿದುಹೋಯಿತು. ಯಾರು ಸೋತರು ಸ್ವಾಮೀ? ನಿಮ್ಮ ಕುರ್ಚಿ ಇದೆ, ನಿಮ್ಮ ಆಫೀಸು ಇದೆ, ನಿಮ್ಮ ಪರದೆ ಇದೆ. ಸೋತವಳು ದುರುಗಮ್ಮ, ಅವಳ ಹಕ್ಕು ಕಾಪಾಡುತ್ತೇವೆ ಎಂದು ಅವಳ ಜಾಗವನ್ನೇ ಕಳೆದಿರಲ್ಲ! ಕೈ ಶುದ್ಧವಂತೆ. ತೊಡೆಯ ಮೇಲೆ ಇಟ್ಟುಕೊಂಡ ಕೈ ಕೊಳೆಯಾಗುವುದಾದರೂ ಹೇಗೆ? ಏಳಿಗೆಯವರ ಮೇಲೆ ನನಗೆ ಇಷ್ಟು ಸಿಟ್ಟಿಲ್ಲ. ಅವರು ಕೆಡವುತ್ತೇವೆ ಅಂದವರು, ಕೆಡವಿದರು. ನಾಯಿ ಕಚ್ಚಿದರೆ ಔಷಧಿ ಹಾಕಿಕೊಳ್ಳಬಹುದು. ಮನೆ ಕಾಯುತ್ತೇನೆ ಎಂದವನು, ಕಳ್ಳನನ್ನು ಓಡಿಸಲು ಪಕ್ಕದ ಮನೆಯವನ ದೊಣ್ಣೆ ಮುಟ್ಟುವುದಿಲ್ಲ ಎಂದು ಜಗುಲಿಯಲ್ಲೇ ಕೂತನಲ್ಲ, ಅವನಿಗೆ ಏನೆಂದು ಹೇಳಲಿ?

ಜೆಸಿಬಿ ಬಂದ ದಿನ ನೂರಾ ನಲವತ್ತು ಜನರೂ ಕಟ್ಟೆಯ ಮೇಲೆ ನಿಂತು "ಬೇಡಾ" ಎಂದು ಕೂಗಿದೆವು. ಅವತ್ತು ಒಂದು ಆಶ್ಚರ್ಯವಾಯಿತು. ಅಷ್ಟೂ ಜನರ ದನಿ ಒಂದೇ ಆಗಿಬಿಟ್ಟಿತು. ನನ್ನ ದನಿ ಯಾವುದು ಎಂದು ನಾನೇ ಹುಡುಕಿದೆ, ಸಿಗಲಿಲ್ಲ. ಒಂದು ಗಳಿಗೆ ಮೇಷ್ಟ್ರ ಆಸೆ ಏನೆಂದು ನನಗೂ ಅರ್ಥವಾಯಿತು. ಎದೆ ಆನೆಯಷ್ಟು ದೊಡ್ಡದಾದ ಹಾಗೆ ಇತ್ತು. ಆದರೆ ಜೆಸಿಬಿಗೆ ಕಿವಿ ಇಲ್ಲ. ಮೊದಲ ಕಂಬ ಬಿದ್ದ ಕೂಡಲೇ ಬಳೆಯ ಮುಮ್ತಾಜ್, "ನನ್ನ ಪೆಟ್ಟಿಗೆ ಮೇಲೆ ಯಾರೇ ಕುಂಬಳಕಾಯಿ ಇಟ್ಟೋಳು!" ಎಂದು ಕಿರುಚಿದಳು, ಕುಂಬಳಕಾಯಿಯವಳು ತಿರುಗಿಸಿ ಬೈದಳು, ಎಲ್ಲರ ದನಿ ಅವರವರ ಗಂಟಲಿಗೆ ವಾಪಸು ಬಂತು. ಜಗಳವಾಡುತ್ತಲೇ ಒಬ್ಬರ ಸಾಮಾನು ಒಬ್ಬರು ಹೊತ್ತು ಆಚೆ ತಂದೆವು.

ಈಗ ನಾವು ಬಸ್‌ಸ್ಟ್ಯಾಂಡಿನ ಹಿಂದಿನ ಚರಂಡಿ ಪಕ್ಕ ಕೂರುತ್ತೇವೆ. ಪುರಸಭೆಯ ಲಾರಿ ಕಂಡರೆ ಬುಟ್ಟಿ ಎತ್ತಿಕೊಂಡು ಓಡಬೇಕು. ಸಿಕ್ಕಿದ್ದನ್ನು ಅವರು ತುಂಬಿಕೊಂಡು ಹೋಗುತ್ತಾರೆ. ಇಂದ್ರಾಣಿ ದಿನಾ ಬಂದು ಗುರುಶಾಂತಪ್ಪನ ಮಂಡಿಯ ಹಿಂದಿನ ಖಾಲಿ ಜಾಗ ಕೇಳೋಣ ಎನ್ನುತ್ತಾಳೆ. ಬೆಲ್ಲಕ್ಕೆ ಮೀನಿನ ವಾಸನೆ ಹತ್ತುತ್ತದೆ ಎಂದು ಅವನು, ಮೀನಿಗೆ ಬೆಲ್ಲದ ಇರುವೆ ಹತ್ತುತ್ತವೆ ಎಂದು ದುರುಗಮ್ಮ. ಮಾತು ನಡೆಯುತ್ತಿದೆ. ನಿನ್ನೆ ಬ್ಯಾಗು ತಗಲಿಸಿಕೊಂಡು ಪಾಂಡುರಂಗ ಮೇಷ್ಟ್ರು ಬಂದರು. ಸಣ್ಣಗಾಗಿದ್ದರು. "ಶುಕ್ರವಾರ ಮೌನ ಮೆರವಣಿಗೆ ಇದೆ," ಅಂದರು, ಯಾರದೂ ಅಲ್ಲದ ಆ ದನಿಯಲ್ಲಿ. "ಮೀನು ಮಾರುವವರೇ ಮುಂದೆ ನಡೆಯಬೇಕು. ದುರುಗಮ್ಮ, ನೀವು ಬುಟ್ಟಿ ಹೊತ್ತು ಎಲ್ಲರಿಗಿಂತ ಮುಂದೆ." "ಬುಟ್ಟಿ ತುಂಬಿದ್ದೋ ಖಾಲಿನೋ?" ಅಂದಳು ದುರುಗಮ್ಮ. "ಖಾಲಿ. ಅದೊಂದು ಸಂಕೇತ." "ಖಾಲಿ ಬುಟ್ಟಿ ಹೊರೋಕೆ ನಿಮ್ಮವರೇ ಇದಾರಲ್ಲ ಮೇಷ್ಟ್ರೇ, ನನ್ನ ತಲೆ ಯಾಕೆ?" ಅವರು ನನ್ನ ಕಡೆ ತಿರುಗಿದರು. "ತುಂಗಕ್ಕ, ನೀವಾದ್ರೂ ಹೇಳಿ. ನಾವು ಇವರಿಗೋಸ್ಕರನೇ ಸೋತವರು." "ಮೇಷ್ಟ್ರೇ," ಅಂದೆ, "ನಮಗೋಸ್ಕರ ಒಂದು ಸಲ ಗೆಲ್ಲಿ. ಯಾರ ಜೊತೆ ಸೇರಿಯಾದ್ರೂ ಗೆಲ್ಲಿ. ಆಮೇಲೆ ನಿಮ್ಮ ಕೈ ನಾವೇ ತೊಳೆದು ಕೊಡ್ತೀವಿ."

ಅಷ್ಟರಲ್ಲಿ ಮೂಲೆಯಿಂದ "ಲಾರಿ ಬಂತೂ!" ಎಂದು ಕೂಗು ಕೇಳಿತು. ಸಾಲಿಗೆ ಸಾಲೇ ಎದ್ದಿತು. ದುರುಗಮ್ಮನ ಬುಟ್ಟಿ ತುಂಬಿತ್ತು. ತಲೆಗೆ ಏರಿಸಲು ಇನ್ನೊಂದು ಕಡೆ ಯಾರಾದರೂ ಹಿಡಿಯಲೇಬೇಕು. "ಮೇಷ್ಟ್ರೇ, ಒಂದು ಕೈ ಕೊಡ್ರಿ!" ಎಂದು ಅವಳು ಬಗ್ಗಿ ಈಚೆಯ ಅಂಚು ಹಿಡಿದಳು. ಬುಟ್ಟಿ ಅಲುಗಿ ಕೆಳಗಿನಿಂದ ಮೀನಿನ ನೀರು ಧಾರೆಯಾಗಿ ಇಳಿಯಿತು. ಮೇಷ್ಟ್ರು ಪಂಚೆಯ ಅಂಚನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು ಒಂದು ಹೆಜ್ಜೆ ಹಿಂದೆ ಸರಿದರು. ನಾನು ಮಡಿಲಿನ ಎಲೆಯನ್ನು ನೆಲಕ್ಕೆ ಬಿಟ್ಟು, ಹೋಗಿ ಆಚೆಯ ಅಂಚು ಹಿಡಿದೆ. ಇಬ್ಬರೂ ಒಟ್ಟಿಗೆ ಎತ್ತಿದೆವು. ಮೀನಿನ ನೀರೆಲ್ಲ ನನ್ನ ಎಲೆಗಳ ಮೇಲೆ ಸುರಿಯಿತು.